ಅಣ್ಣ ವಿವಾಹಿತ, ವಾಸ ಡೊಂಬಿವಲಿ

ಮದುವೆಯಾಗದವರು ಆ ಮದುವೆಯನ್ನು ಕಣ್ಣಲ್ಲಿ ನೋಡಬಾರದು. ನೋಡಿದರೆ ತಮ್ಮ ಮದುವೆಗೆ ಕಲ್ಲು ಬೀಳುತ್ತದೆ. ಅದಕ್ಕೇ ಮುಹೂರ್ತಕ್ಕೆ ಕಾಲು ಗಂಟೆ ಇರುವಾಗ ವಾರಿಜಾ ತನ್ನ ಮಗಳು ನಿಶಾಳ ಬೆನ್ನಿಗೆ ಕೈಕೊಟ್ಟು ಹೊರಗೆ ಕಳಿಸಿ, ಒಳಗಿನಿಂದ ಚಿಲಕ ಹಾಕಿಕೊಂಡಳು.

ಮಳೆಗಾಲದ ಆಟಿ ತಿಂಗಳ ಸಂಜೆ. ಡೊಂಬಿವಲಿ ಪೂರ್ವದ ಹಳೆಯ ಕಟ್ಟಡ, ಮೂರನೇ ಮಾಳಿಗೆ. ಒಳಗೆ ಎರಡು ಮಣೆ. ಒಂದರ ಮೇಲೆ ಪಂಚೆ, ಶಾಲು. ಇನ್ನೊಂದರ ಮೇಲೆ ಹಸಿರು ಸೀರೆ, ಕರಿಮಣಿ. ಉಡುವವರು ಯಾರೂ ಇಲ್ಲ.

ಮದುಮಗ ದಯಾನಂದ, ನಿಶಾಳ ಅಣ್ಣ, ಮೂರು ತಿಂಗಳ ಕೂಸಾಗಿದ್ದಾಗಲೇ ತೀರಿಕೊಂಡವನು. ಬದುಕಿದ್ದರೆ ಈಗ ಮೂವತ್ತೊಂದು. ಮದುಮಗಳು ನಳಿನಾಕ್ಷಿ ಎರಡೂವರೆ ವರ್ಷಕ್ಕೆ ಜ್ವರದಲ್ಲಿ ಹೋದವಳು. ಉಡುಪಿ ಕಡೆಯವರಿಗೆ ಇದು ಹೊಸತಲ್ಲ. ಸತ್ತ ಮಕ್ಕಳೂ ಅಲ್ಲಿ ದೊಡ್ಡವರಾಗುತ್ತಾರೆ, ಪ್ರಾಯಕ್ಕೆ ಬರುತ್ತಾರೆ, ಜೊತೆ ಬೇಕೆನ್ನುತ್ತಾರೆ. ಕೊಡದಿದ್ದರೆ ಬದುಕಿರುವವರ ದಾರಿಗೆ ಅಡ್ಡ ನಿಲ್ಲುತ್ತಾರೆ. ನಿಶಾಳಿಗೆ ಕುದುರಿದ ಎರಡು ಸಂಬಂಧ ತಪ್ಪಿ, ಕೆನಡಾಕ್ಕೆ ಓದಲು ಹೋಗುವ ಅರ್ಜಿಯೂ ಒಂದು ಸಲ ತಿರುಗಿ ಬಂದ ಮೇಲೆ, ಪ್ರಶ್ನೆ ಇಟ್ಟು ನೋಡಿದ ಜೋಯಿಸರು ಹೇಳಿದ್ದು ಒಂದೇ ಮಾತು. “ನಿಮ್ಮ ಮಗ ಹೊಸ್ತಿಲಲ್ಲೇ ನಿಂತಿದ್ದಾನೆ.”

ಹೊರಗೆ ಬಂದರೆ ಮೆಟ್ಟಿಲ ಮೇಲೆ ಒಬ್ಬ ಗಂಡಸು, ಪಕ್ಕದಲ್ಲಿ ದೊಡ್ಡ ಸ್ಟೀಲಿನ ಡಬ್ಬ ಇಟ್ಟುಕೊಂಡು ಕುಳಿತಿದ್ದ.

“ಭಯ್ಯಾ, ಪಾಯಸ ಅಲ್ಲೇ ಇರ್ಲಿ. ಒಳಗೆ ಈಗ ಬಿಡುದಿಲ್ಲ,” ಎಂದಳು ನಿಶಾ.

“ಗೊತ್ತುಂಟು. ನನ್ನನ್ನೂ ಒಳಗಿಂದಲೇ ಹೊರಗೆ ಹಾಕಿದ್ದು.”

“ನೀವು ಕೇಟರಿಂಗಿನವರಲ್ವಾ?”

“ಪಾಯಸ ನಮ್ಮ ಹೋಟೆಲಿಂದೇ. ಆದ್ರೆ ನಾನು ಮದುಮಗಳ ತಮ್ಮ, ಸಂದೇಶ.”

ನಿಶಾಳ ಕೆನ್ನೆ ಬಿಸಿಯಾಯಿತು. “ಸಾರಿ. ನಾನು ಹುಡುಗನ ತಂಗಿ.”

ಅವನು ತಟ್ಟನೆ ಎದ್ದು ನಿಂತು, ಮೆಟ್ಟಿಲನ್ನು ಕರವಸ್ತ್ರದಿಂದ ಒರೆಸಿ, “ಹುಡುಗನ ಕಡೆಯವರು! ಕೂತ್ಕೊಳ್ಳಿ, ಕೂತ್ಕೊಳ್ಳಿ. ನಾಳೆ ನಮ್ಮಕ್ಕನಿಗೆ ನೀವು ತೊಂದ್ರೆ ಕೊಟ್ರೆ ಕಷ್ಟ,” ಎಂದ. ಮುಖ ಗಂಭೀರವಾಗಿತ್ತು. ಕಣ್ಣು ಮಾತ್ರ ನಗುತ್ತಿತ್ತು. ಎಡಗಣ್ಣು ಬಲಗಣ್ಣಿಗಿಂತ ಒಂದು ಚೂರು ಹೆಚ್ಚು ನಗುತ್ತದೆ ಎಂಬುದನ್ನು ನಿಶಾ ಅಲ್ಲೇ ಗಮನಿಸಿದಳು.

“ನಿಮ್ಮಣ್ಣ ಎಂತ ಮಾಡ್ಕೊಂಡಿದ್ರು?” ಅವನು ಕೇಳಿದ.

“ಮೂರು ತಿಂಗಳಲ್ಲಿ ಎಂತ ಮಾಡ್ಲಿಕ್ಕಾಗ್ತದೆ? ಅಳ್ತಿದ್ದ ಅಂತೆ.”

“ನಮ್ಮಕ್ಕ ಹಾಗಲ್ಲ. ಅಪ್ಪನ ಕ್ಯಾಂಟೀನಿನ ಬನ್ಸ್ ಕದ್ದು ತಿಂತಿದ್ಲಂತೆ. ಬಾಯಿ ಜೋರು. ಸಂಸಾರ ನಡೆಸಿಕೊಂಡು ಹೋಗ್ತಾಳೆ, ನೀವು ಹೆದರ್ಬೇಡಿ.”

ಇಬ್ಬರೂ ಬಾಯಿಗೆ ಕೈಯಿಟ್ಟು ನಕ್ಕರು. ನಗಬಾರದ ಜಾಗದಲ್ಲಿ ಬಂದ ನಗು ಬೇಗ ನಿಲ್ಲುವುದಿಲ್ಲ.

ಆಗ ಲಿಫ್ಟು ಮೇಲೆ ಬಂತು. ಮೂರನೇ ಮಾಳಿಗೆಯಲ್ಲಿ ನಿಂತಿತು. ಬಾಗಿಲು ತೆರೆಯಿತು. ಒಳಗೆ ಯಾರೂ ಇರಲಿಲ್ಲ. ಒಬ್ಬರು ಇಳಿದು, ಇನ್ನೊಬ್ಬರಿಗೆ ಕೈಕೊಟ್ಟು ಇಳಿಸಿಕೊಳ್ಳುವಷ್ಟು ಹೊತ್ತು ತೆರೆದೇ ಇದ್ದು, ಮೆಲ್ಲಗೆ ಮುಚ್ಚಿಕೊಂಡಿತು. ಎಲ್ಲಿಂದಲೋ ಬೇಬಿ ಪೌಡರಿನ ವಾಸನೆ ಬಂತು.

ಸಂದೇಶನ ನಗು ನಿಂತಿತ್ತು. ಅವನು ನಿಶಾಳ ಕಡೆ ನೋಡಿದ. ನಿಶಾ ಅವನ ಕಡೆ ನೋಡಿದಳು. ಮೊದಲ ಸಲ ಅವರು ಒಬ್ಬರನ್ನೊಬ್ಬರು ಸರಿಯಾಗಿ ನೋಡಿದ್ದು ಆಗಲೇ, ಹೆದರಿಕೆಯಲ್ಲಿ.

ಒಳಗೆ ಜಾಗಟೆ ಬಡಿಯಿತು.

*

ಸತ್ತವರ ಮದುವೆಯಿಂದ ಬಂದರೂ ಬೀಗತನ ಬೀಗತನವೇ. ಸಂದೇಶನ ತಂದೆ ಮುರಾರಿ, ವಾಶಿಯ ಮಾರ್ಕೆಟಿನ ಹತ್ತಿರ ಸಸ್ಯಾಹಾರಿ ಹೋಟೆಲು ನಡೆಸುವವರು, ಅಷ್ಟಮಿಗೆ ಉಂಡೆ ಚಕ್ಕುಲಿ ಕಳಿಸಿದರು. ಚೌತಿಗೆ ವಾರಿಜಾ ಮಗಳ ಕೈಯಲ್ಲಿ ಸೀರೆ ಕಳಿಸಿದಳು. ತರುವವನು ಸಂದೇಶ, ಒಯ್ಯುವವಳು ನಿಶಾ.

ನಿಶಾಳಿಗೆ ರಬಾಳೆಯ ಔಷಧಿ ಕಂಪೆನಿಯ ಲ್ಯಾಬಿನಲ್ಲಿ ಕೆಲಸ. ಬೆಳಿಗ್ಗೆ ಠಾಣೆಯಲ್ಲಿ ಗಾಡಿ ಬದಲಿಸಿದರೆ ಅದೇ ವಾಶಿ ಲೋಕಲ್ಲಿಗೆ ಹೋಟೆಲಿಗೆ ಹೋಗುವ ಸಂದೇಶನೂ ಬರುತ್ತಾನೆ. ಮೊದಲು ಅದು ಆಕಸ್ಮಿಕ. ಎರಡನೇ ವಾರಕ್ಕೆ ಅವಳು ಲೇಡೀಸ್ ಡಬ್ಬಿ ಬಿಟ್ಟು ಅವನ ಡಬ್ಬಿ ಹತ್ತಿದಳು.

“ಇವತ್ತು ಲೇಡೀಸ್ ಫುಲ್ಲಾ?” ಎಂದು ಅವನು ಕೇಳುತ್ತಿದ್ದ.

“ಫುಲ್,” ಎಂದು ಅವಳು ದಿನಾ ಸುಳ್ಳು ಹೇಳುತ್ತಿದ್ದಳು.

ಅವನು ಕಿಟಕಿಯ ಕಡೆ ತಿರುಗಿ ನಗುತ್ತಿದ್ದ. ಕಿಟಕಿಯ ಗಾಜಿನಲ್ಲಿ ಆ ಎಡಗಣ್ಣು ಅವಳಿಗೆ ಕಾಣುತ್ತಿತ್ತು. ಅದು ಅವನಿಗೂ ಗೊತ್ತಿತ್ತು.

ಒಂದು ಸಂಗತಿ ಮಾತ್ರ ಅವರು ಬಾಯಿಬಿಟ್ಟು ಆಡುತ್ತಿರಲಿಲ್ಲ. ಎಷ್ಟೇ ರಶ್ ಇರಲಿ, ಅವರಿಬ್ಬರು ಕುಳಿತ ಕಡೆ ಎದುರಿನ ಎರಡು ಸೀಟು ಖಾಲಿ. ಜನ ಬಾಗಿಲಲ್ಲಿ ನೇತಾಡುತ್ತಿದ್ದರು. ಸೀಟಿನವರೆಗೆ ಬಂದು, ಬಗ್ಗಿ, “ಸಾರಿ” ಎಂದು ಹಿಂದೆ ಸರಿಯುತ್ತಿದ್ದರು, ಯಾರೋ ಕುಳಿತಿರುವ ಹಾಗೆ. ಒಂದು ದಿನ ಒಬ್ಬ ಮರಾಠಿ ಅಜ್ಜಿ ಆ ಖಾಲಿ ಸೀಟಿನ ಕಡೆ ನೋಡಿ, “ಕಿತೀ ಗೋಡ್ ಜೋಡಾ” ಎಂದಳು, ಎಷ್ಟು ಚಂದದ ಜೋಡಿ ಎಂದು. ನಿಶಾ ತಮ್ಮನ್ನೇ ಹೇಳಿದ್ದೆಂದು ನಾಚಿ ತಲೆ ತಗ್ಗಿಸಿದಳು. ತಲೆ ಎತ್ತಿದಾಗ ಅಜ್ಜಿ ಇನ್ನೂ ಎದುರು ಸೀಟನ್ನೇ ನೋಡುತ್ತ ಮುಗುಳ್ನಗುತ್ತಿದ್ದಳು.

ಮನೆಯಲ್ಲೂ ಹಾಗೆಯೇ. ಒಳಕೋಣೆಯಲ್ಲಿ ವಾರಿಜಾ ಮಗ ಸೊಸೆಗೆಂದು ಹಾಸಿಗೆ ಹಾಸಿ, ರಾತ್ರಿ ಒಂದು ಲೋಟ ನೀರಿಡುತ್ತಿದ್ದಳು. ಬೆಳಿಗ್ಗೆ ಅದು ಅರ್ಧ ಆಗಿರುತ್ತಿತ್ತು. ಬಾಚಣಿಗೆಯಲ್ಲಿ ಉದ್ದ ಕಪ್ಪು ಕೂದಲು ಸಿಗುತ್ತಿತ್ತು. ನಿಶಾಳದ್ದು ಹೆಗಲುದ್ದದ ಕೂದಲು. ವಾರಿಜಾಳದ್ದು ನರೆತದ್ದು. ಗಂಡ ವಿಠಲ ತೀರಿಕೊಂಡ ಮೇಲೆ ಬಿಕೋ ಎನ್ನುತ್ತಿದ್ದ ಮನೆಯಲ್ಲಿ ವಾರಿಜಾ ಈಗ ಹಾಡು ಗುನುಗುತ್ತಿದ್ದಳು.

*

ಚಳಿಗಾಲ ಕಳೆಯುವಾಗ ನಿಶಾಳಿಗೆ ಕೆನಡಾದ ಒಂದು ವಿಶ್ವವಿದ್ಯಾಲಯದಲ್ಲಿ ಮಾಸ್ಟರ್ಸ್ ಸೀಟು ಸಿಕ್ಕಿತು. ವಾಶಿಯಲ್ಲಿ ಸಂಜನಾ ಎಂಬ ಹುಡುಗಿಯ ವೀಸಾ ಕನ್ಸಲ್ಟೆನ್ಸಿ. ಹುಟ್ಟಿದ್ದು ಇಲ್ಲೇ, ಕನ್ನಡ ತಿಳಿಯುತ್ತದೆ, ಉತ್ತರ ಹೆಚ್ಚಾಗಿ ಹಿಂದಿಯಲ್ಲಿ. ಅವಳ ಗೋಡೆಯ ಮೇಲೆ ನಿಯಮಗಳ ಪಟ್ಟಿ. ವಾರಕ್ಕೊಂದು ಸಾಲು ಕೆಂಪು ಇಂಕಿನಲ್ಲಿ ಹೊಡೆದುಹೋಗುತ್ತಿತ್ತು.

“ರೋಜ್ ರೂಲ್ ಚೇಂಜ್ ಹೋತಾ ಹೈ,” ಎಂದಳು ಸಂಜನಾ. “ಮೊದಲು ಯಾವ ಮಾಸ್ಟರ್ಸ್ ಆದರೂ ಗಂಡನಿಗೆ ವರ್ಕ್ ಪರ್ಮಿಟ್ ಸಿಗುತ್ತಿತ್ತು. ಈ ಜನವರಿಯಿಂದ ಕೋರ್ಸು ಹದಿನಾರು ತಿಂಗಳಾದರೂ ಇರಬೇಕು.” ಜೊತೆಗೆ ಬಂದಿದ್ದ ವಾರಿಜಾಳಿಗೆ ತಿಳಿಯಲೆಂದು ಉಳಿದದ್ದನ್ನು ಅವಳು ಕನ್ನಡದಲ್ಲಿ ಹೇಳಿದಳು.

“ನಮಗೆ ಗಂಡನೇ ಇಲ್ಲ,” ಎಂದಳು ವಾರಿಜಾ.

ನಿಶಾ ಬ್ಯಾಂಕಿನ ಕಾಗದ ತರಲು ಕೆಳಗೆ ಹೋದಳು. ಲೈನಿನಲ್ಲಿ ನಿಂತಾಗ ಸಂದೇಶನ ಮೆಸೇಜು ಬಂತು.

“ಗಂಡನಿಗೆ ಹದಿನಾರು ತಿಂಗಳಿನ ರೂಲಂತೆ. ಪೇಪರಲ್ಲಿ ಓದಿದೆ. ನಿಮ್ಮ ಕೋರ್ಸು ಎಷ್ಟು ತಿಂಗಳು?”

“ಇಪ್ಪತ್ತು. ಯಾಕೆ?”

ಬಹಳ ಹೊತ್ತು ಮೂರು ಚುಕ್ಕೆ ಕುಣಿದವು. ಕೊನೆಗೆ, “ಜನರಲ್ ನಾಲೆಜ್.”

ಅವಳು ಆ ಎರಡು ಪದವನ್ನು ಹತ್ತು ಸಲ ಓದಿದಳು. ಮೇಲೆ ಬಂದು ಸಹಿ ಹಾಕುವಾಗಲೂ ಅದನ್ನೇ ಓದುತ್ತಿದ್ದಳು. ಮುಂದಿಟ್ಟ ಕಾಗದ ಓದಲಿಲ್ಲ.

ಓದಬೇಕಿತ್ತು. ಅವಳು ಇಲ್ಲದಾಗ ಸಂಜನಾ ಕುಟುಂಬದ ಫಾರ್ಮು ತುಂಬಿಸಿದ್ದಳು. ಅಣ್ಣ ತಮ್ಮಂದಿರು ಇದ್ದಾರಾ? ವಾರಿಜಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಒಬ್ಬ ಮಗ, ದಯಾನಂದ. ಶಾದೀ ಹೋ ಗಯಾ. ಸೊಸೆ ನಳಿನಾಕ್ಷಿ. ಎಲ್ಲಿದ್ದಾರೆ? ನಮ್ಮೊಟ್ಟಿಗೇ, ಡೊಂಬಿವಲಿಯಲ್ಲಿ.

*

ಏಪ್ರಿಲಿನ ಕೊನೆಗೆ ಕೆನಡಾದಿಂದ ಪತ್ರ ಬಂತು. ಓದುವ ಪರ್ಮಿಟ್ ಅಲ್ಲ, ಪ್ರಶ್ನೆ. ಮೂರು ವರ್ಷದ ಹಿಂದಿನ ಅರ್ಜಿಯಲ್ಲಿ ನಿಮ್ಮ ಅಣ್ಣ ೧೯೯೩ರಲ್ಲಿ ತೀರಿಕೊಂಡಿದ್ದಾನೆ ಎಂದು ಬರೆದಿದ್ದೀರಿ. ಈಗ ಅವನು ವಿವಾಹಿತ, ನಿಮ್ಮ ಜೊತೆ ವಾಸ ಎಂದಿದ್ದೀರಿ. ಯಾವುದು ನಿಜ? ಹತ್ತು ದಿನದೊಳಗೆ ದಾಖಲೆ ಸಹಿತ ಉತ್ತರ ಕೊಡದಿದ್ದರೆ, ಸುಳ್ಳು ಹೇಳಿದ ತಪ್ಪಿಗೆ ಐದು ವರ್ಷ ಅರ್ಜಿ ಹಾಕುವ ಹಾಗಿಲ್ಲ.

“ಸಿಂಪಲ್ ಹೈ,” ಎಂದಳು ಸಂಜನಾ. “ಡೆತ್ ಸರ್ಟಿಫಿಕೇಟ್ ಹಾಕಿ. ಶಾದಿ ಹುಯೀ ಹೀ ನಹೀ ಅಂತ ಬರೀರಿ.”

ವಾರಿಜಾ ಮಗಳ ಕೈ ಹಿಡಿದಳು. “ಹಾಗೆ ಬರೀಬೇಡ ಮಗಾ.”

“ಅಮ್ಮಾ, ನಂಗೆ ಬ್ಯಾನ್ ಆಗ್ತದೆ.”

“ದೀಪದ ಮುಂದೆ ಕೈ ಹಿಡಿಸಿ, ಇದು ನಿಮ್ಮ ಮನೆ ಅಂತ ಹೇಳಿ ಒಳಗೆ ಕರ್ಕೊಂಡದ್ದು ನಾವು. ಈಗ ಮದುವೆ ಆಗ್ಲೇ ಇಲ್ಲ ಅಂತ ಬರೆದ್ರೆ ಸೊಸೆ ನಿಲ್ತಾಳಾ? ಹೋಗ್ತಾಳೆ. ಅವ ಪುನಃ ಒಂಟಿ. ಮೂವತ್ತು ವರ್ಷ ಹೊರಗೆ ನಿಂತಿದ್ದ ಅವ. ಕೂಸು, ನಿಶಾ. ಮೂರು ತಿಂಗಳಿನ ಕೂಸು.”

ನಿಶಾ ಪತ್ರವನ್ನು ಮಡಚಿ ಚೀಲಕ್ಕೆ ಹಾಕಿದಳು.

ನಳಿನಾಕ್ಷಿ ಸತ್ತದ್ದನ್ನೂ ಬರೆಯಬಹುದೇ ಎಂದು ಮುರಾರಿಯವರನ್ನು ಕೇಳಿದರೆ, ಅವರು ಗಲ್ಲಾದ ಮುಂದೆ ಕುಳಿತು ಚಿಲ್ಲರೆ ಎಣಿಸುತ್ತಲೇ ಇದ್ದರು. ಮಗಳು ಸತ್ತಳು ಎಂಬ ಮಾತು ಅವರ ಬಾಯಿಂದ ಒಮ್ಮೆಯೂ ಬಂದದ್ದಿಲ್ಲ. “ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ, ಮಗಾ. ಅವಳೀಗ ನಿಮ್ಮನೆಯವಳು,” ಎಂದರು. “ನನ್ನ ಕೇಳ್ಬೇಡ. ಅವಳನ್ನೇ ಕೇಳು.”

ಸಂಜೆ ದೀಪ ಹಚ್ಚುವ ಹೊತ್ತಿಗೆ ನಿಶಾ ಒಳಕೋಣೆಯ ಬಾಗಿಲಲ್ಲಿ ನಿಂತಳು. ಹಾಸಿಗೆಯಲ್ಲಿ ಎರಡು ದಿಂಬು. ಎರಡರಲ್ಲೂ ತಲೆಯಿಟ್ಟ ಗುಳಿ.

“ಅಣ್ಣಾ, ಅತ್ತಿಗೆ,” ಎಂದಳು. “ನೀವು ಸತ್ತಿದ್ದೀರಿ ಅಂತ ಕಾಗದ ಬೇಕು ನಂಗೆ. ನಿಮ್ಮ ಮದುವೆ ಸುಳ್ಳು ಅಂತ ನಾನು ಬರಿಯುದಿಲ್ಲ. ಆದ್ರೆ ಸತ್ತದ್ದು ಬರೀಬೇಕು. ಬರಿಯಲಾ?”

ಎರಡು ದಿಂಬುಗಳಲ್ಲಿ ಒಂದರ ಗುಳಿ ಮಾತ್ರ ಮೆಲ್ಲಗೆ ಮೇಲೆದ್ದು ಸಪಾಟಾಯಿತು, ಮಲಗಿದವರು ಎದ್ದು ಕುಳಿತ ಹಾಗೆ.

*

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ನಿಶಾ, ಸಂದೇಶ ಇಬ್ಬರೂ ಕಲ್ಯಾಣದಲ್ಲಿ, ಪಾಲಿಕೆಯ ಜನನ ಮರಣ ದಾಖಲೆಯ ಕಿಟಕಿಯ ಮುಂದೆ ನಿಂತಿದ್ದರು. ಮಕ್ಕಳು ತೀರಿಕೊಂಡಾಗ ಎರಡೂ ಮನೆ ಈ ಕಡೆಯೇ ಇದ್ದವು. ಮುರಾರಿ ಶಹಾಡಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿದ್ದ ಕಾಲ. ಮಕ್ಕಳಿಬ್ಬರೂ ಹೋದದ್ದು ಇಲ್ಲಿಯ ಆಸ್ಪತ್ರೆಗಳಲ್ಲೇ.

ಹಳೆಯ ರಿಜಿಸ್ಟರು ತೆಗೆಯಲು ಎರಡು ಮೂರು ವಾರ ಬೇಕು ಎಂದು ಎಲ್ಲರೂ ಹೆದರಿಸಿದ್ದರು. ಕೈಯಲ್ಲಿ ಉಳಿದದ್ದು ಐದು ದಿನ.

ಕಿಟಕಿಯ ಹಿಂದೆ ಇದ್ದವನು ಮಹಾದೇವಪ್ಪ, ವಿಜಯಪುರದವನು. ಇವರ ಕನ್ನಡ ಕೇಳಿ ಅವನ ಮುಖ ಅರಳಿತು. “ನಮ್ಮವರ ಏನ್ರಿ! ಹೇಳ್ರಿ, ಯಾರ ಹೆಸರು?”

“ದಯಾನಂದ ವಿಠಲ. ತೊಂಬತ್ತಮೂರು,” ಎಂದಳು ನಿಶಾ.

ಅವನ ಪೆನ್ನು ನಿಂತಿತು. “ಇನ್ನೊಂದು ನಳಿನಾಕ್ಷಿ ಮುರಾರಿ, ತೊಂಬತ್ತಾರು. ಹೌದಲ್ರಿ?”

ಸಂದೇಶ ಕಿಟಕಿಯ ಕಂಬಿ ಹಿಡಿದುಕೊಂಡ. “ನಿಮಗೆ ಹ್ಯಾಗೆ ಗೊತ್ತು?”

“ಅಯ್ಯ, ಆಗಲೇ ತಗದಿಟ್ಟೇನಲ್ರಿ! ಮುಂಜಾನಿ ಬಾಗಲಾ ತಗಿಯೂದ್ರಾಗ ಒಂದು ಜೋಡಿ ನಿಂತಿತ್ತು. ಹೊಸದಾಗಿ ಲಗ್ನ ಆದಂಗಿತ್ತು. ಹಸರು ಸೀರಿ. ಹುಡುಗ ಒಂದು ಮಾತೂ ಆಡ್ಲಿಲ್ಲ ನೋಡ್ರಿ. ಮಾತು ಬರಂಗಿಲ್ಲೇನೋ ಪಾಪ. ಎಲ್ಲಾ ಆಕಿನೇ ಹೇಳಿದ್ಲು. ದನಿ ಮಾತ್ರ ಸಣ್ಣ ಕೂಸಿಂದು ಇದ್ದಂಗಿತ್ತು. ‘ನಮ್ಮ ತಂಗಿ ಬರ್ತಾಳ, ಅಕಿಗಿ ಲಗೂ ಹೋಗೂದೈತಿ, ಕಾಗದ ಕೊಟ್ಟುಬಿಡ್ರಿ’ ಅಂದ್ಲು. ನನಗೇನು ಅನಿಸಿತೋ, ಎದ್ದು ಹೋಗಿ ರಿಜಿಸ್ಟರು ತಗದೆ. ಕೈ ಹಾಕಿದ ಕೂಡ್ಲೇ ಅದೇ ಪುಟ ಬಂತ್ರಿ.”

“ಅವರ ಸಹಿ ಉಂಟಾ?” ಎಂದಳು ನಿಶಾ.

“ಸಹಿ ಬರಂಗಿಲ್ಲ ಅಂದ್ರು. ಹೆಬ್ಬೆಟ್ಟು ಒತ್ತಿಸಿಕೊಂಡೆ.”

ಅವನು ಅರ್ಜಿಯನ್ನು ತಿರುಗಿಸಿ ತೋರಿಸಿದ. ನೀಲಿ ಇಂಕು ಇನ್ನೂ ಹಸಿಯಾಗಿತ್ತು. ಎರಡು ಗುರುತು ಅಕ್ಕಪಕ್ಕ. ಒಂದು ಅವರೆಕಾಳಿನಷ್ಟಿತ್ತು. ಇನ್ನೊಂದು ಹೆಸರುಕಾಳಿಗಿಂತ ದೊಡ್ಡದಿರಲಿಲ್ಲ.

ಮಹಾದೇವಪ್ಪನೂ ಆಗಲೇ ಅದನ್ನು ಸರಿಯಾಗಿ ನೋಡಿದ್ದು. ಅವನು ನಿಶಾಳ ಮುಖ ನೋಡಿದ, ಪ್ರಮಾಣಪತ್ರದ ಹೆಸರುಗಳನ್ನು ನೋಡಿದ, ಕನ್ನಡಕ ತೆಗೆದ. ಎರಡು ಕಾಗದವನ್ನೂ ಎರಡು ಕೈಯಲ್ಲಿ, ದೇವರ ಪ್ರಸಾದ ಕೊಡುವ ಹಾಗೆ ಹೊರಗೆ ಚಾಚಿದ.

ಮೆಟ್ಟಿಲಿಳಿಯುವಾಗ ಸಂದೇಶ ನಿಶಾಳ ಕೈ ಹಿಡಿದ. ಹಿಡಿದ ಕೈಯನ್ನು ಸ್ಟೇಷನ್ ಬಂದರೂ ಬಿಡಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ.

*

ಉತ್ತರ ಬರೆದದ್ದು ವಾಶಿಯ ಹೋಟೆಲಿನಲ್ಲಿ, ಮಧ್ಯಾಹ್ನದ ಊಟದ ರಶ್ ಇಳಿದ ಮೇಲೆ, ಮೂಲೆಯ ಟೇಬಲಿನಲ್ಲಿ. ನಿಶಾ ಹೇಳುತ್ತ ಹೋದಳು, ಸಂದೇಶ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುತ್ತ ಹೋದ. ನಡುವೆ ಎರಡು ಕಾಫಿ ಆರುತ್ತಿದ್ದವು.

ನನ್ನ ಅಣ್ಣ ೧೯೯೩ರಲ್ಲಿ ತೀರಿಕೊಂಡ. ಇದು ನಿಜ. ೨೦೨೪ರಲ್ಲಿ ನಮ್ಮ ಊರಿನ ಪದ್ಧತಿಯಂತೆ ಅವನಿಗೆ ಮದುವೆಯಾಯಿತು. ಇದೂ ನಿಜ. ಹುಡುಗಿಯೂ ತೀರಿಕೊಂಡವಳು. ಕಾನೂನಿಗೆ ಅವರು ಇಲ್ಲ. ನಮ್ಮ ಮನೆಯಲ್ಲಿ ಇದ್ದಾರೆ. ನನ್ನ ತಾಯಿ ಸುಳ್ಳು ಹೇಳಲಿಲ್ಲ. ನಾನು ಓದದೆ ಸಹಿ ಹಾಕಿದ್ದು ತಪ್ಪು.

“ಯಾಕೆ ಓದದೆ ಹಾಕಿದ್ದು?” ಸಂದೇಶ ಕೇಳಿದ.

“ಒಬ್ಬರ ಜನರಲ್ ನಾಲೆಜ್ ಓದ್ತಾ ಇದ್ದೆ.”

ಅವನ ಬೆರಳು ಕೀಲಿಗಳ ಮೇಲೆ ನಿಂತೇ ಹೋಯಿತು. ಅವನು ತಲೆ ಎತ್ತದೆ, “ಇನ್ನೊಂದು ಸಾಲು ಬೇಕು. ಹುಡುಗಿಯ ದಾಖಲೆ ಕೊಟ್ಟದ್ದು ಅವಳ ತಮ್ಮ ಸಂದೇಶ ಅಂತ ಬರೆದೆ. ಅವನು ಅರ್ಜಿದಾರಳಿಗೆ ಏನಾಗಬೇಕು ಅಂತ ಅವರು ಕೇಳ್ತಾರೆ. ಎಂತ ಬರೀಲಿ?” ಎಂದ.

ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತ್ತು. ನಿಶಾ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು. ಒಂದೊಂದೇ ಅಕ್ಷರ ಒತ್ತಿದಳು. ಮತ್ತೆ ಅವನ ಕಡೆ ತಿರುಗಿಸಿದಳು.

‘ನಾನು ಮದುವೆಯಾಗಲಿರುವವನು.’

ಅವನು ಓದಿದ. ಇನ್ನೊಮ್ಮೆ ಓದಿದ. ಈ ಸಲ ಎರಡು ಕಣ್ಣೂ ಒಂದೇ ಸಮ ನಗುತ್ತಿದ್ದವು, ಒದ್ದೆಯಾಗಿ.

“ಸರಕಾರಕ್ಕೆ ಸುಳ್ಳು ಬರೆದ್ರೆ ಐದು ವರ್ಷ ಬ್ಯಾನ್, ಗೊತ್ತುಂಟಲ್ಲ?” ಎಂದ.

“ಹಾಗಾದ್ರೆ ಅದನ್ನು ನಿಜ ಮಾಡುದು ನಿಮ್ಮ ಜವಾಬ್ದಾರಿ.”

“ಇಪ್ಪತ್ತು ತಿಂಗಳು,” ಎಂದ ಅವನು ಮೆಲ್ಲಗೆ. “ಹದಿನಾರರ ಮೇಲೆ ನಾಲ್ಕು ಬೋನಸ್ಸು.”

*

ಉತ್ತರ ಹೋದ ರಾತ್ರಿ ವಾರಿಜಾ ಎಂದಿನಂತೆ ನೀರಿಟ್ಟಳು. ಬೆಳಿಗ್ಗೆ ಲೋಟ ತುಂಬಿಯೇ ಇತ್ತು. ಮರುದಿನವೂ. ಅದರ ಮರುದಿನವೂ. ಬಾಚಣಿಗೆಯಲ್ಲಿ ಕೂದಲಿಲ್ಲ. ದಿಂಬುಗಳಲ್ಲಿ ಗುಳಿಯಿಲ್ಲ.

ವಾರಿಜಾ ಮಗಳನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಾಡು ನಿಲ್ಲಿಸಿದಳು, ಅಷ್ಟೆ. ಐದು ವಾರ ಆ ಮನೆಯಲ್ಲಿ ಇಬ್ಬರು ಹೆಂಗಸರು ಹೆಜ್ಜೆ ಸಪ್ಪಳವಾಗದ ಹಾಗೆ ಓಡಾಡಿದರು. ನಿಶಾ ಸಂದೇಶನ ವಿಷಯ ತಾಯಿಗೆ ಹೇಳಲಿಲ್ಲ. ಸತ್ತವರ ಸಂಸಾರ ಮುರಿದು ತನ್ನ ಸಂಸಾರ ಕಟ್ಟಿಕೊಂಡೆನೇ ಎಂಬ ಯೋಚನೆ ಅವಳ ಎದೆಯ ಮೇಲೆ ಬಂಡೆಯ ಹಾಗೆ ಕುಳಿತಿತ್ತು.

ಜೂನಿನ ಒಂದು ಭಾನುವಾರ ಸಂಜನಾಳ ಫೋನು ಬಂತು. “ಅಪ್ರೂವ್ಡ್! ಅರೆ ಯಾರ್, ಕ್ಯಾ ಲೆಟರ್ ಲಿಖಾ ಥಾ!”

ಮಧ್ಯಾಹ್ನ ಸಂದೇಶ ಬಂದ. ಬಿಳಿ ಅಂಗಿ, ಕೈಯಲ್ಲಿ ಬನ್ಸಿನ ಪೊಟ್ಟಣ. ಹೊಸ್ತಿಲಾಚೆಯೇ ನಿಂತ. ನಿಶಾ ತಾಯಿಯ ಮುಂದೆ ಎಲ್ಲ ಹೇಳಿದಳು. ಪತ್ರದ ಕೊನೆಯ ಸಾಲನ್ನೂ ಹೇಳಿದಳು.

ವಾರಿಜಾ ಅವನ ಮುಖ ನೋಡಿದಳು. “ಹುಡುಗ ಬೇಡ ಅಂತ ಅಲ್ಲ,” ಎಂದಳು. “ಆದ್ರೆ ಅವರ ಹುಡುಗಿ ನಮ್ಮಲ್ಲಿ, ನಮ್ಮ ಹುಡುಗಿ ಅವರಲ್ಲಿ. ಕೊಟ್ಟು ತಂದ ಸಂಬಂಧ. ಒಂದು ಜೋಡಿ ಮೇಲೆ ಬಂದ್ರೆ ಇನ್ನೊಂದು ಜೋಡಿ ಕೆಳಗೆ ಹೋಗ್ತದೆ ಅಂತ ಹಿರಿಯರು ಹೇಳ್ತಾರೆ. ನನ್ನ ಮಗ ಸೊಸೆ ಕೆಳಗೆ ಹೋಗುದು ನಂಗೆ ಬೇಡ.”

ನಿಶಾ ಸೋತು ನೆಲದ ಮೇಲೆ ಕುಳಿತಳು. “ಸತ್ತು ಮೂವತ್ತು ವರ್ಷ ಆಯ್ತಲ್ಲಮ್ಮಾ. ಇನ್ನೂ ಎಷ್ಟು ಕೆಳಗೆ ಹೋಗ್ತಾರೆ ಅವರು?”

ಮಾತು ಜಾರಿಹೋದ ಮೇಲೆ ಅವಳೇ ನಾಲಿಗೆ ಕಚ್ಚಿಕೊಂಡಳು. ಸಂದೇಶ ನಗುವನ್ನು ತಡೆಯಲು ಕೆಮ್ಮಿದ.

ಒಳಕೋಣೆಯಲ್ಲಿ ಯಾರೋ ನಕ್ಕರು.

ಮೊದಲು ಸಣ್ಣಗೆ, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕ ಹಾಗೆ. ಆಮೇಲೆ ತಡೆಯಲಾರದೆ, ಕಿಲಕಿಲನೆ. ಅದರ ಹಿಂದೆಯೇ ಒಬ್ಬ ಗಂಡಸಿನ ನಗು, ನಗುವುದನ್ನು ಈಗಷ್ಟೇ ಕಲಿತವನ ಹಾಗೆ, ಒಂದೊಂದೇ ತುಂಡಾಗಿ.

ಸಂದೇಶನ ಕೈಯ ಪೊಟ್ಟಣ ನೆಲಕ್ಕೆ ಬಿತ್ತು. ನಿಶಾ ನೆಲದಿಂದ ಎದ್ದು ನಿಂತಳು. ಬಿಸಿಲು ನೆಟ್ಟಗೆ ಬೀಳುತ್ತಿದ್ದ ಹಗಲು. ಕೆಳಗೆ ರಸ್ತೆಯಲ್ಲಿ ರಿಕ್ಷಾಗಳು ಕೂಗುತ್ತಿದ್ದವು.

ವಾರಿಜಾ ಒಬ್ಬಳು ಮಾತ್ರ ಹೆದರಲಿಲ್ಲ. ಕಣ್ಣು ಒರೆಸಿಕೊಂಡಳು, ಸೆರಗು ಸರಿಪಡಿಸಿಕೊಂಡಳು, ಒಳಕೋಣೆಯ ಕಡೆಗೆ ತಿರುಗಿ, “ಸಾಕು, ಸಾಕು. ಹೊರಗಿನವರು ಬಂದಿದ್ದಾರೆ, ಸ್ವಲ್ಪ ಮರ್ಯಾದೆ ಇರ್ಲಿ,” ಎಂದು ಗದರಿದಳು. ನಗು ತಟ್ಟನೆ ನಿಂತಿತು.

ಆಮೇಲೆ ಅವಳು ಹೊಸ್ತಿಲ ಕಡೆ ನೋಡಿದಳು.

“ಹೊರಗಿನವರು ಅಂದದ್ದು ಬಾಯ್ತಪ್ಪಿ,” ಎಂದಳು. “ಬನ್ನಿ ಅಳಿಯಂದ್ರೇ, ಒಳಗೆ ಬನ್ನಿ. ನಿಮ್ಮಕ್ಕ ಕಾಯ್ತಿದ್ದಾಳೆ.”